ದಿಂಬಿಗೆ ಹೇಳಿದ ಒಡಪು

ಹನ್ನೆರಡರ ಸೈರನ್ ಕೂಗಿತೆಂದರೆ ಬೆಟಗೇರಿಯ ಓಣಿಗಳು ಬಾಗಿಲು ಹಾಕಿಕೊಂಡುಬಿಡುತ್ತಿದ್ದವು. ಬಸ್ಸು ನಿಂತಲ್ಲೇ ನಿಲ್ಲುತ್ತಿತ್ತು, ಅಂಗಡಿಯ ಪರದೆ ಇಳಿಯುತ್ತಿತ್ತು, ನಾಯಿಗಳು ಕೂಡ ಗಟಾರದ ಹಾಸುಗಲ್ಲಿನ ಕೆಳಗೆ ನುಸುಳಿಕೊಳ್ಳುತ್ತಿದ್ದವು. ಬಿಸಿಲು ಅಷ್ಟು ಏರಿದ ಮೇಲೆ ಮಧ್ಯಾಹ್ನ ಎಚ್ಚರವಾಗಿ ಓಡಾಡುವುದೇ ಜೀವಕ್ಕೆ ಅಪಾಯವೆಂದು ಡಾಕ್ಟರುಗಳು ಹೇಳಿ, ಸರಕಾರ ಅದನ್ನು ಕಾಯಿದೆ ಮಾಡಿ, ಜನ ಮನಸಾರೆ ಬೈದು, ಕೊನೆಗೆ ರೂಢಿ ಮಾಡಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಮನೆಗೊಂದು ತಂಪುಗೂಡು ಬಂದಿತ್ತು. ಗೋಡೆಗೆ ಆತುಕೊಂಡ, ಮಂಚದಷ್ಟು ಉದ್ದದ ಪೆಟ್ಟಿಗೆ. ಅದರೊಳಗೆ ಮಲಗಿದರೆ ನೀರು ತುಂಬಿಟ್ಟ ಹೊಸ ಗಡಿಗೆಯ ಪಕ್ಕ ಮಲಗಿದ ಹಾಗೆ. ಆದರೆ ತಂಪಾದ ಮಾತ್ರಕ್ಕೆ ನಿದ್ದೆ ಬರಬೇಕಲ್ಲ? ಹೊರಗೆ ಬೆಳಕು ಬಾಗಿಲು ಬಡಿಯುತ್ತಿರುವಾಗ? ಅದಕ್ಕೇ ಆಮೇಲೆ ಕನಸಿನ ದಿಂಬು ಬಂತು.

ದಿಂಬಿನ ಸಂಗತಿ ಸರಳ. ತಲೆಯಿಟ್ಟು, ಯಾರನ್ನು ನೋಡಬೇಕು, ಎಲ್ಲಿ, ಯಾವ ಕಾಲದಲ್ಲಿ ಎಂದು ಪಿಸುಗುಟ್ಟಿದರೆ ದಿಂಬು ಆ ಮಾತನ್ನು ಒಂದು ಚೀಟಿ ಮಾಡಿ ಪಕ್ಕದ ಗದಗಿನ ನಿದ್ರಾ ಕೇಂದ್ರಕ್ಕೆ ಕಳಿಸುತ್ತಿತ್ತು. ಕೇಂದ್ರದವರು ಸತ್ತವರನ್ನು ಎಬ್ಬಿಸಿ ಕಳಿಸುತ್ತಿರಲಿಲ್ಲ, ಅದು ಯಾರಿಂದಾದೀತು? ಒಂದು ಸಣ್ಣ ಮಿಡಿತವನ್ನಷ್ಟೇ ವಾಪಸು ಕಳಿಸುತ್ತಿದ್ದರು, ನೂಲಿನ ತುದಿ ಕೈಗೆ ಕೊಟ್ಟ ಹಾಗೆ. ಆ ತುದಿ ಹಿಡಿದು, ಮಲಗಿದವರ ನೆನಪೇ ಉಳಿದದ್ದನ್ನೆಲ್ಲ ನೇಯ್ದುಕೊಳ್ಳುತ್ತಿತ್ತು.

ಆ ಕೇಂದ್ರದಲ್ಲಿ ಚೀಟಿ ಓದುವ ಪ್ರೋಗ್ರಾಮಿನ ಉಸ್ತುವಾರಿ ರತ್ನಮಾಲಾಳದು. ಕೆಲಸ ಮುಗಿಸಿ ಆ ಸಂಜೆ ಅವಳು ಮನೆಗೆ ಬಂದಾಗ ಅತ್ತೆ ಶಂಕ್ರವ್ವ ತಂಪುಗೂಡಿನ ಹೊರಗೆ, ಬರಿ ನೆಲದ ಮೇಲೆ, ಬೆವರಿ ತೊಪ್ಪೆಯಾಗಿ ಕೂತಿದ್ದಳು.

"ಅತ್ತಿ! ಮಧ್ಯಾಹ್ನ ಗೂಡಿನಾಗ ಮಕ್ಕೊಳ್ಳಿಲ್ಲೇನು?"

"ಮಕ್ಕೊಂಡಿದ್ದೆ. ನಡಬರಕ ಎದ್ದು ಬಂದೆ. ಇನ್ನ ಮೂರ ದಿನಕ್ಕ ಸಂಜೀಕ ಮೌನೇಶ ಬರ್ತಾನ."

"ಯಾವ ಮೌನೇಶ?"

"ಬಡಿಗೇರ ಮೌನೇಶ. ಗೂಡು ಕಿತ್ತಿ ಹಾಕಿ, ಕುಣಿ ತಗದು, ಮಗ್ಗ ಹೂಡಿ ಕೊಡು ಅಂತ ಹೇಳಿ ಕಳಿಸೇನಿ."

ರತ್ನಮಾಲಾ ಕೈಚೀಲ ಅಲ್ಲೇ ಕೆಳಗಿಟ್ಟಳು. ಮಾವ ನೀಲಕಂಠಪ್ಪನವರು ಇದೇ ಕೋಣೆಯಲ್ಲಿ, ಇದೇ ಮೂಲೆಯಲ್ಲಿ, ನೆಲದ ಕುಣಿಯೊಳಗೆ ಕಾಲಿಳಿಬಿಟ್ಟು ಜೀವಮಾನವೆಲ್ಲ ಸೀರೆ ನೇಯ್ದವರು. ಅವರು ಹೋದ ಮರುವರ್ಷವೇ ಬಿಸಿಲು ಕೆಟ್ಟಿತು. ಆ ವರ್ಷವೇ ಗುಡ್ಡದ ಮೇಲೆ ಗಾಳಿಯಂತ್ರದ ಕೆಲಸಕ್ಕಿದ್ದ ಮಗ ಕೊಟ್ರೇಶ, ಅಂದರೆ ರತ್ನಮಾಲಾಳ ಗಂಡ, ಬಿಸಿಲು ಬಡಿದು ಮನೆಗೆ ಬರಲೇ ಇಲ್ಲ. ಅದಾದ ಮೇಲೆ ಶಂಕ್ರವ್ವ ತಾನೇ ಮುಂದೆ ನಿಂತು ಮಗ್ಗ ಬಿಚ್ಚಿಸಿ ಅಟ್ಟಕ್ಕೇರಿಸಿದ್ದಳು, ಕುಣಿ ಮುಚ್ಚಿಸಿ ಅದರ ಮೇಲೆ ತಂಪುಗೂಡು ಕೂಡಿಸಿದ್ದಳು. ಒಂದೇ ಕೋಣೆಯ ಮನೆ, ಬೇರೆ ಜಾಗವಾದರೂ ಎಲ್ಲಿತ್ತು?

"ನಿನ್ನ ಮಾವಾರಿಗೆ ಸಿಟ್ಟು ಬಂದೈತಿ" ಎಂದಳು ಶಂಕ್ರವ್ವ. "ದಿಂಬಿನಾಗ ದಿನಾ ಇಬ್ಬರನ್ನೂ ಕರೀತೀನಿ. ಕೊಟ್ರು ದಿನಾ ಬರ್ತಾನ, ಬಂದು ನಕ್ಕೋತ ರೊಟ್ಟಿ ಕೇಳ್ತಾನ. ಇವರು ಒಂದ ದಿನಾನೂ ಹೊಸ್ತಲಾ ತುಳದಿಲ್ಲ. ಮಗ್ಗ ತಗದಾಕಿ ನಾ ಅಲ್ಲೇನು? ತಾ ಕುಂದರೂ ಜಾಗಾದಾಗ ನಾ ತಂಪಾಗಿ ಕಾಲ್ಚಾಚಿ ಮಕ್ಕೊಂಡ್ರ ಅವರು ಹೆಂಗ ಬರ್ತಾರವಾ?"

"ಗೂಡು ತಗದ್ರ ನೀವು ಈ ಬ್ಯಾಸಗಿ ದಾಟಂಗಿಲ್ರಿ ಅತ್ತಿ. ಡಾಕ್ಟರ್ ಏನಂದಾರ, ಗೊತ್ತೈತಿಲ್ಲ?"

"ಕುಣಿಯಾಗ ಕುಂದರ್ತೀನಿ. ಕುಣಿನೂ ತಂಪಿರತೈತಿ. ದಾಟಲಿಲ್ಲಂದ್ರ ಅವರ ಕಡೇನ ಹೊಕ್ಕೀನಿ, ಅಲ್ಲೇ ಕೇಳ್ತೀನಿ ಯಾಕ ಬರ್ಲಿಲ್ಲಂತ."

ಅದನ್ನು ಅವಳು ಸಂತೆಗೆ ಹೋಗಿಬರುವೆನೆಂಬಷ್ಟು ಹಗುರಾಗಿ ಹೇಳಿ ರೊಟ್ಟಿ ಬಡಿಯಲು ಎದ್ದಳು. ಆ ಹಗುರನ್ನು ಕಂಡೇ ರತ್ನಮಾಲಾ ಹೆದರಿದಳು. ಮಾತಿಗೆ ನಿಂತರೆ ಹಿಂದೆ ಸರಿಯುವ ಹೆಂಗಸಲ್ಲ ಅದು.

ಮರುದಿನ ಕೇಂದ್ರದಲ್ಲಿ ಅವಳು ಬೆಳಿಗ್ಗೆಯೇ ದಾವಲಸಾಬರ ಮೇಜಿನ ಮುಂದೆ ಕೂತು ಅತ್ತೆಯ ಸಂಗತಿ ಹೇಳಿದಳು. ದಾವಲಸಾಬರು ದೂರು ಕೇಳಿಕೊಳ್ಳುವವರು. ದಪ್ಪ ಮೀಸೆ, ಮೆತ್ತನೆಯ ದನಿ. ಫೋನಿನಲ್ಲಿ ಬೈಯಲು ಬಂದವರು ಅವರ ಹತ್ತಿರ ತಮ್ಮ ಮನೆಯ ಕಥೆ ಹೇಳಿ ಹಗುರಾಗಿ ಫೋನು ಇಡುತ್ತಿದ್ದರು.

"ಇದು ನಿಮ್ಮ ಅತ್ತಿಯದ ಒಬ್ಬಾಕಿದು ಅಲ್ಲ ತಂಗೀ" ಎಂದರು ಅವರು. "ಇಡೀ ಊರಿಂದ ಬರಾಕತ್ಯಾವ. ಅಜ್ಜ ಬರವಲ್ಲ, ಮುತ್ತ್ಯಾ ಬರವಲ್ಲ, ದೊಡ್ಡವ್ವ ಬರವಲ್ಲ. ಹಿರೇರಿಗೆಲ್ಲ ಏನೋ ಮುನಿಸು ಅಂತ ಜನ ಎಡಿ ಮ್ಯಾಲ ಎಡಿ ಇಡಾಕತ್ತಾರ. ನಮ್ಮ ಅಬ್ಬಾನೂ ಬಂದಿಲ್ಲ ಬಿಡು. ಅವರಿಗೆ ಇದ್ದಾಗಿಂದ್ಲೂ ನನ್ನ ಮ್ಯಾಲ ಅಷ್ಟಕ್ಕಷ್ಟ, ಅದಕ್ಕ ನಾ ದೂರು ಬರಕೊಂಡಿಲ್ಲ."

ರತ್ನಮಾಲಾ ನಗಲಿಲ್ಲ. ಅವಳ ತಲೆಯಲ್ಲಿ ಬೇರೆಯೇ ಗುಮಾನಿ ಓಡುತ್ತಿತ್ತು. ಚೀಟಿಯೆಂದರೆ ಹೆಸರುಳ್ಳ ಖಾನೆಗಳು: 'ಯಾರು', 'ಎಲ್ಲಿ', 'ಕಾಲ' ಹೀಗೆ. ಮಳೆ ಬೇಕು, ಹಳ್ಳ ಬೇಕು ಎಂಬಂಥ ಸಣ್ಣ ಕೋರಿಕೆಯಾದರೆ ದಿಂಬು ಅದನ್ನು ವಿಳಾಸದ ಬಾಲಕ್ಕೇ ಒಂದು ಪ್ರಶ್ನೆಚಿಹ್ನೆ ಹಾಕಿ ಅಂಟಿಸಿ ಕಳಿಸುತ್ತಿತ್ತು, ದಾರಿಯಲ್ಲಿ ಯಾರು ಓದಿಕೊಂಡರೂ ಚಿಂತೆಯಿಲ್ಲ. ಮನುಷ್ಯರ ಹೆಸರಿದ್ದರೆ ಮಾತ್ರ ಲಕೋಟೆಯೊಳಗೆ ಮುಚ್ಚಿ ಕಳಿಸುತ್ತಿತ್ತು. ಹೆಸರನ್ನೇ ಹೇಳದಿದ್ದರೆ 'ಯಾರು' ಎಂಬ ಖಾನೆ ಬರುತ್ತಲೇ ಇರಲಿಲ್ಲ. ಅಂಥ ಚೀಟಿಗೆ ಕೇಂದ್ರ ತನ್ನದೇ ಒಂದು ಕನಸು ಕಳಿಸುತ್ತಿತ್ತು, ತೆನೆ ಹಿಡಿದ ಬಿಳಿಜೋಳದ ಹೊಲ, ಮೇಲೆ ಗಾಳಿ, ಮನುಷ್ಯರಿಲ್ಲ. ಆ ಹೊಲ ರತ್ನಮಾಲಾಳಿಗೆ ಚೆನ್ನಾಗಿ ಗೊತ್ತು. ರಜೆಯ ದಿನ ಮನೆಯಲ್ಲಿ ಮಲಗಿದಾಗಲೆಲ್ಲ ಅವಳು ನೋಡುತ್ತಿದ್ದುದು ಅದನ್ನೇ. ಅವಳು ಯಾರನ್ನೂ ಕರೆಯುತ್ತಿರಲಿಲ್ಲ. ಕರೆದರೆ ಬರುತ್ತಾನೆ, ಬಂದರೆ ಸೈರನ್ನಿಗೆ ಎದ್ದು ಹೋಗುತ್ತಾನೆ, ದಿನಾ ಒಂದು ಸಲ ಕಳಿಸಿಕೊಡುವ ಗಟ್ಟಿತನ ತನಗಿಲ್ಲ ಎಂದು.

"ದಾವಲಣ್ಣ, ಗೊತ್ತಾತು" ಎಂದಳು ಅವಳು. "ನಮ್ಮತ್ತಿ ಮಾವಾರ ಹೆಸರು ಹೇಳೂದ ಇಲ್ಲ. ಗಂಡನ ಹೆಸರು ಹಿಡದು ಹೆಂಗ ಕರೀತಾರ ಅವರು? 'ನಮ್ಮ ಮನಿಯವರು' ಅಂತಾರ. ದಿಂಬಿಗೆ ಏನ ತಿಳೀಬೇಕು, ಯಾರ ಮನಿಯವರು, ಯಾವ ಮನಿಯವರು!"

"ಹಂಗಾರ ಹೆಸರು ಹೇಳ್ಸು."

"ನೀವು ನಮ್ಮತ್ತೀನ ನೋಡಿಲ್ಲ."

ಅದರ ಮರುದಿನ ರತ್ನಮಾಲಾಳಿಗೆ ರಜೆ. ಸೈರನ್ನಿಗೆ ಮುಂಚೆ ಅವಳು ಅತ್ತೆಯ ಕಾಲಬುಡದಲ್ಲಿ ಕೂತು ಮಾತು ತೆಗೆದಳು. ಶಂಕ್ರವ್ವ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಸೊಸೆಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು.

"ಹೆಸರು ಹಿಡದು ಕರೀಬೇಕಾ? ಅವರ್ನಾ? ನಿನ್ನಂಗಲ್ಲವಾ ನಾ. ಮನಿತುಂಬಿಸೂ ದಿನ ಬಾಗಲದಾಗ ನಿನ್ನ ನಿಲ್ಲಿಸಿ, ಒಡಪ ಹಾಕಿ ಗಂಡನ ಹೆಸರು ಹೇಳು, ಅಂದ್ರಷ್ಟ ಒಳಗ ಬಿಡ್ತೀವಿ ಅಂತ ಓಣಿ ಹೆಂಗಸರೆಲ್ಲ ಅಡ್ಡ ನಿಂತ್ರ, ನೀ ಏನು ಮಾಡಿದಿ? 'ಕೊಟ್ರೇಶ' ಅಂದಿ, ಒಳಗ ನಡದಿ. ಒಡಪಿಲ್ಲ, ಏನಿಲ್ಲ! ರೇಷನ್ ಅಂಗಡ್ಯಾಗ ಹೆಸರು ಹೇಳಿದಂಗ!"

"ನಂಗ ನಾಚಿಕಿ ಬಂದಿತ್ರಿ ಅತ್ತಿ."

"ನಾಚಿಕಿ ಬಂದಾಕಿ ಹಂಗ ನಡೀತಾಳೇನು?"

ಇಬ್ಬರೂ ನಕ್ಕರು. ನಗು ಇಳಿದ ಮೇಲೆ ರತ್ನಮಾಲಾ ಮೆಲ್ಲಗೆ ಕೇಳಿದಳು: "ನೀವು ಅವತ್ತು ಹೇಳಿದ ಒಡಪ ಯಾವುದ್ರಿ? ಅದನ್ನ ಹೇಳ್ರಲ್ಲ ದಿಂಬಿಗೆ. ಒಡಪಿನಾಗ ಹೆಸರು ಬಂದ್ರ ತಪ್ಪಿಲ್ಲಲ್ಲ?"

ಶಂಕ್ರವ್ವ ಬಾಯಾಡಿಸುವುದನ್ನು ನಿಲ್ಲಿಸಿದಳು. ಈ ದಾರಿ ಅವಳಿಗೆ ಹೊಳೆದಿರಲಿಲ್ಲ. ಸೈರನ್ ಕೂಗಿತು. ಇಬ್ಬರೂ ಗೂಡಿನೊಳಗೆ ಸೇರಿ ಮಲಗಿದರು. ಅತ್ತೆ ಗೋಡೆಯ ಕಡೆ ಹೊರಳಿ ದಿಂಬಿಗೆ ಬಾಯಿ ಹಚ್ಚಿದಳು.

"ನಮ್ಮ ಕೊಟ್ರೇಶ..." ಎಂದಳು ಮೊದಲು. ಆಮೇಲೆ ಸೊಸೆಗೆ, "ತಡಿಯವಾ, ಹುಡುಗನ್ನ ಮೊದಲ ಕರದೆ. ಒಡಪ ನೆನಸ್ಕೋಬೇಕು." ಕಣ್ಣು ಮುಚ್ಚಿ ನೆನಪಿಸಿಕೊಂಡು, ಹೊಸ ಮದುವಣಗಿತ್ತಿಯ ಸಣ್ಣ ದನಿಯಲ್ಲಿ ಹೇಳಿದಳು:

"ಕೆಂಪು ಒಡಲಿಗೆ ಹಸರು ಅಂಚು ಹಚ್ಚಿದರ ಒಪ್ಪ,
ಲಾಳಿ ಸಪ್ಪಳದಾಗ ನನ್ನ ಕರದವರು ನೀಲಕಂಠಪ್ಪ."

ರತ್ನಮಾಲಾ ತನ್ನ ದಿಂಬಿಗೆ ಏನೂ ಹೇಳಲಿಲ್ಲ. ಬಿಳಿಜೋಳದ ಹೊಲ ಬಂತು. ಗಾಳಿ ಒಂದು ತುದಿಯಿಂದ ಇನ್ನೊಂದು ತುದಿಗೆ ತೆನೆಗಳನ್ನು ಬಾಗಿಸುತ್ತ ಹೋಯಿತು, ಯಾರೋ ಹೊಲದ ನಡುವೆ ನಡೆದು ಬರುತ್ತಿರುವ ಹಾಗೆ. ಯಾರೂ ಇರಲಿಲ್ಲ.

ನಾಲ್ಕರ ಸೈರನ್ನಿಗೆ ಎದ್ದಾಗ ಶಂಕ್ರವ್ವ ಆಗಲೇ ಕೂತಿದ್ದಳು. ಕಣ್ಣು ಹಸಿಯಾಗಿತ್ತು.

"ಬಂದಿದ್ರು" ಎಂದಳು. "ಮಗ್ಗದಾಗ ಕುಂತಿದ್ರು, ನನಗ ಬೆನ್ನ ಮಾಡಿ. ಮಾತಾಡ್ಲಿಲ್ಲ. ಆದ್ರ ಅವರ ಬೆನ್ನು, ಅವರ ಬನಿಯನ್ನು, ಅದರ ತೂತು ಸೈತ! ನಾ ನೋಡ್ಕೋತ ನಿಂತೆ."

"ಮತ್ತ ಅಳತೀರ್ಯಾಕ್ರಿ?"

"ಕೊಟ್ರು ಬರ್ಲಿಲ್ಲಲ್ಲ! ಇವತ್ತ ಹುಡುಗ ಬರ್ಲೇ ಇಲ್ಲ." ಶಂಕ್ರವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಈಗ ಖಾತ್ರಿ ಆತು ನೋಡು. ಮಗ್ಗ ಬಿಟ್ಟು ಗುಡ್ಡಕ್ಕ ಹ್ವಾದ ಅಂತ ಅಪ್ಪಗ ಮಗನ ಮ್ಯಾಲ ಸಿಟ್ಟು, ಅಪ್ಪ ಬೈತಾರಂತ ಮಗಗ ಸಿಟ್ಟು. ಒಬ್ರಿದ್ದಲ್ಲಿ ಇನ್ನೊಬ್ರು ಬರವಲ್ರು. ಸತ್ತರೂ ಜಗಳ ಹರೀಲಿಲ್ಲ. ಆ ಮಗ್ಗ ಕೂಡ್ರೂ ತನಕ ಹರಿಯಾಂಗಿಲ್ಲ. ಮೌನೇಶ ನಾಳಿ ಸಂಜೀಕ ಬರ್ತಾನಲ್ಲ, ಬರಲಿ."

ರತ್ನಮಾಲಾ ಚಹಾಕ್ಕೆ ನೀರಿಡುತ್ತಿದ್ದವಳು ಹಾಗೇ ನಿಂತಳು. ದಿನಾ ಮಗ ಬರುತ್ತಿದ್ದ, ಅಪ್ಪ ಇಲ್ಲ. ಇವತ್ತು ಅಪ್ಪ ಬಂದರು, ಮಗ ಇಲ್ಲ.

"ಅತ್ತಿ, ದಿನಾ ಮೊದಲ ಯಾರನ್ನ ಕರೀತಿದ್ರಿ?"

"ಇದೇನ್ ಕೇಳ್ತಿ? ನಿನ್ನ ಮಾವಾರ್ನ. ಹಿರೇರ್ನ ಬಿಟ್ಟು ಕಿರೇರ್ನ ಮೊದಲ ಕರೀತಾರೇನು? ಎಡಿ ಹಿಡಿಯೂ ಮುಂದ, ಲಗ್ನದ ಕಾರ್ಡಿನಾಗ, ಊಟಕ್ಕ ಕರಿಯೂ ಮುಂದ, ಎಲ್ಲಾ ಕಡೆ ಹಿರೇರ ಮೊದಲು. ಇವತ್ತ ಒಡಪ ನೆನಪಾಗ್ಲಿಲ್ಲಂತ ಹಿಂದ ಮುಂದ ಆತು, ಅಷ್ಟ."

ಪಾತ್ರೆಯಲ್ಲಿ ನೀರು ಕುದಿಯತೊಡಗಿತು. ಊರೆಲ್ಲ ಹಿರಿಯರನ್ನು ಮೊದಲು ಕರೆಯುತ್ತಿದೆ. ಊರಿಗೆಲ್ಲ ಹಿರಿಯರು ಬರುತ್ತಿಲ್ಲ. ರತ್ನಮಾಲಾ ಸಕ್ಕರೆಯ ಬದಲು ಉಪ್ಪಿನ ಡಬ್ಬಿಗೆ ಕೈ ಹಾಕಿದಳು.

ಮರುದಿನ ಬೆಳಿಗ್ಗೆ ಕೇಂದ್ರದ ನೆಲಮಾಳಿಗೆಯ ತಣ್ಣನೆಯ ಕೋಣೆಯಲ್ಲಿ ಅವಳು ಪ್ರೋಗ್ರಾಮನ್ನು ತೆರೆದು ಕೂತಳು. ಚೀಟಿ ಬಿಡಿಸುವ ಕೆಲಸವನ್ನು ಮಾಡುತ್ತಿದ್ದುದು ಯಾರೋ ಎಲ್ಲೋ ಬರೆದು ಲೋಕಕ್ಕೆಲ್ಲ ಬಿಟ್ಟುಕೊಟ್ಟ ಒಂದು ಹಳೆಯ ವೆಬ್ ಫ್ರೇಮ್‌ವರ್ಕು, ಅಂದರೆ ಪ್ರೋಗ್ರಾಮು ಕಟ್ಟಲು ಸಿದ್ಧವಿರುವ ಚೌಕಟ್ಟು. ಅದರ ಮೇಲೆ ರಾಜಧಾನಿಯ ದೊಡ್ಡ ಕಚೇರಿಯವರು ತಮ್ಮ ಸಾಲುಗಳನ್ನು ಬರೆದು ಊರೂರಿಗೆ ಹಂಚಿದ್ದರು. 'ಯಾರು' ಎಂಬ ಒಂದೇ ಖಾನೆಯಲ್ಲಿ ಇಬ್ಬರು ಬಂದರೆ ಫ್ರೇಮ್‌ವರ್ಕು ಇಬ್ಬರನ್ನೂ ಜೋಪಾನವಾಗಿ ಇಟ್ಟುಕೊಳ್ಳುತ್ತಿತ್ತು. ಆದರೆ "ಯಾರು?" ಎಂದು ಬರಿದೇ ಕೇಳಿದರೆ ಕೊನೆಗೆ ಬಂದವರನ್ನಷ್ಟೇ ಮುಂದೆ ಮಾಡುತ್ತಿತ್ತು. ಎಲ್ಲರೂ ಬೇಕಾದರೆ "ಯಾರು ಯಾರು?" ಎಂದು ಕೇಳಬೇಕು, ಅದಕ್ಕೆ ಬೇರೆಯೇ ಕರೆ ಇತ್ತು. ದೊಡ್ಡ ಕಚೇರಿಯವರು "ಯಾರು?" ಎಂದಷ್ಟೇ ಕೇಳಿದ್ದರು. ಪರೀಕ್ಷೆ ಮಾಡುವಾಗ ಒಬ್ಬೊಬ್ಬರನ್ನೇ ಕರೆದು ನೋಡಿರಬೇಕು. ಒಬ್ಬರೇ ಆದರೆ ಅವರೇ ಮೊದಲಿನವರು, ಅವರೇ ಕೊನೆಯವರು, ಎಲ್ಲವೂ ಸರಿ.

"ಅಂದ್ರ ಹಿರೇರು ಕಳದು ಹೋಗಿಲ್ಲೇನು?" ಅವಳ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ ದಾವಲಸಾಬರು ಕೇಳಿದರು.

"ಇಲ್ರಿ ದಾವಲಣ್ಣ. ದಿನಾ ಬಂದಾರ. ಚೀಟಿಯೊಳಗ ಕುಂತಾರ, ಪಾಪ. ಯಾರೂ ಕೇಳಿಲ್ಲ, ಅದಕ್ಕ ಒಳಗ ಬಂದಿಲ್ಲ."

ದಾವಲಸಾಬರು ಟೋಪಿ ತೆಗೆದು ತಲೆ ಸವರಿಕೊಂಡರು.

"ನಾ ಪ್ರತಿಸಲ ಅಬ್ಬಾನ್ನ ಮೊದಲ ಕರದು, ಆಮ್ಯಾಲ ನಮ್ಮ ಮನಿಯಾಕೀನ ಕರೀತಿದ್ದೆ" ಎಂದರು. "ಈಗ ಬಂದ ಚೀಟಿಯಾಗ ಹಿಂದ ಮುಂದ ಅದಲಾಬದಲಿ ಮಾಡಾಕ ಬರ್ತೈತೇನು?"

"ಬಂದ ಚೀಟಿ ಮುಟ್ಟಾಕ ಬರೂದಿಲ್ರಿ. ಓದಾಕಷ್ಟ. ಮತ್ತ ಅದಲಾಬದಲಿ ಮಾಡಿದ್ರ ಅಬ್ಬಾ ಬರ್ತಾರ, ನಿಮ್ಮ ಮನಿಯಾಕಿ ಹೊರಗ ಉಳೀತಾರ. ಕೇಳೂದನ್ನ ಸರಿಯಾಗಿ ಕೇಳಬೇಕು."

ದೊಡ್ಡ ಕಚೇರಿಗೆ ಫೋನು ಹಚ್ಚಿದಳು. ಅಲ್ಲಿಯ ಹುಡುಗಿ ಸಮಾಧಾನದಿಂದ ಎಲ್ಲವನ್ನೂ ಕೇಳಿಕೊಂಡು, ಮೇಲಿನವರನ್ನು ವಿಚಾರಿಸಿ ಬಂದು ಹೇಳಿದಳು: "ಮೇಡಂ, ಸದ್ಯಕ್ಕೆ ಒಂದು ಪ್ರಕಟಣೆ ಕೊಟ್ಟುಬಿಡಿ. ಒಂದು ನಿದ್ದೆಗೆ ಒಬ್ಬರನ್ನು ಮಾತ್ರ ಕರೆಯತಕ್ಕದ್ದು ಅಂತ. ತಿದ್ದುಪಡಿ ಮುಂದಿನ ಆವೃತ್ತಿಯಲ್ಲಿ ನೋಡೋಣ."

"ನಮ್ಮೂರಾಗ ಯಾರೂ ಒಬ್ಬರನ್ನ ಕರಿಯಂಗಿಲ್ರಿ" ಎಂದಳು ರತ್ನಮಾಲಾ. "ಒಬ್ಬರನ್ನ ಕರದು ಇನ್ನೊಬ್ಬರನ್ನ ಬಿಟ್ರ, ಬಿಟ್ಟವರ ಮುಂದ ಮುಖ ಹೆಂಗ ತೋರ್ಸೂದು?"

"ಬಿಟ್ಟವರು... ತೀರಿಕೊಂಡವರಲ್ಲವಾ ಮೇಡಂ?"

"ಹೌದ್ರಿ. ಅದಕ್ಕ ಇನ್ನಾ ಕಷ್ಟ."

ಫೋನು ಇಟ್ಟು ಅವಳು ಪರದೆಯನ್ನೇ ನೋಡುತ್ತ ಕೂತಳು. ತಿದ್ದಬೇಕಾದದ್ದು ಒಂದೇ ಸಾಲು. ಆದರೆ ಅಪ್ಪಣೆಯಿಲ್ಲದೆ ಮುಟ್ಟಿ, ಏನಾದರೂ ಕೈಮೀರಿ ಊರಿಗೂರೇ ನಿದ್ದೆಯಿಲ್ಲದೆ ಬಿಸಿಲಿಗೆ ಎದ್ದು ಕೂತರೆ? ಮುಟ್ಟದಿದ್ದರೆ ಸಂಜೆಗೆ ಮೌನೇಶ ಹಾರೆ ಹಿಡಿದು ಬರುತ್ತಾನೆ. ದಾವಲಸಾಬರು ಅವಳ ಮುಂದೆ ಒಂದು ಲೋಟ ಚಹಾ ತಂದಿಟ್ಟರು.

"ಮೊದಲ ನನ್ನ ದಿಂಬಿನ ಮ್ಯಾಲ ಮಾಡಿ ನೋಡು" ಎಂದರು. "ನಾ ಇಲ್ಲೇ ಬೆಂಚಿನ ಮ್ಯಾಲ ಅಡ್ಡಾಗ್ತೀನಿ. ಏನರ ಹೆಚ್ಚು ಕಡಿಮಿ ಆದ್ರ ನನಗ ಆಗ್ಲಿ. ನನ್ನ ತಲಿಯಾಗ ಹಾಳಾಗೂವಂಥಾದ್ದು ಏನೂ ಉಳದಿಲ್ಲ."

ಅವಳು ಆ ಒಂದು ಚೀಟಿಗಷ್ಟೇ ಹೊಸ ಸಾಲನ್ನು ಹಚ್ಚಿದಳು. ದಾವಲಸಾಬರು ಮಲಗಿದರು. ಚಹಾ ಆರುವಷ್ಟರಲ್ಲಿ ಅವರ ಮೀಸೆಯ ಕೆಳಗೆ ತುಟಿ ಅಲುಗಿತು. ನಿದ್ದೆಯಲ್ಲೇ ಅವರು ಪಕ್ಕಕ್ಕೆ ಸರಿದು ಬೆಂಚಿನ ಮೇಲೆ ಜಾಗ ಮಾಡಿದರು, ಒಬ್ಬರಿಗಲ್ಲ, ಇಬ್ಬರಿಗೆ ಆಗುವಷ್ಟು. ರತ್ನಮಾಲಾ ಅದನ್ನು ನೋಡಿದಳು. ಆಮೇಲೆ ಯಾರನ್ನೂ ಕೇಳಲಿಲ್ಲ. ಸೈರನ್ನಿಗೆ ಮುಂಚೆ ಆ ಸಾಲು ಊರಿಗೆಲ್ಲ ಜಾರಿಯಾಯಿತು.

ಆ ಮಧ್ಯಾಹ್ನದ ಬಗ್ಗೆ ಊರಿನಲ್ಲಿ ಇವತ್ತಿಗೂ ಮಾತಾಡುತ್ತಾರೆ. ಚೀಟಿಗಳು ಬಂದವು, ದಿನದ ಹಾಗೆಯೇ, ಒಂದರ ಹಿಂದೊಂದು, ಬೇಲಿಯ ಮೇಲೆ ಬಂದು ಕೂರುವ ಗುಬ್ಬಿಗಳಂತೆ. ಆದರೆ ಅವತ್ತು ಪ್ರತಿ ಚೀಟಿಯಿಂದ ಒಂದು ಎಳೆಯ ಬದಲು ಎರಡು, ಮೂರು, ಕೆಲವೊಮ್ಮೆ ಒಂದು ಇಡೀ ಮನೆತನವೇ ಹೊರಗೆ ಬಂತು. ಗುಡ್ಡದ ಗಾಳಿಯಂತ್ರಗಳ ಗುಂಯ್‌ಗುಟ್ಟುವಿಕೆ ನೆಲಮಾಳಿಗೆಯವರೆಗೂ ಇಳಿದು ಬರುತ್ತಿತ್ತು. ರತ್ನಮಾಲಾಳಿಗೆ ಅನಿಸಿತು, ಬಾಗಿಲು ಹಾಕಿದ ಓಣಿ ಓಣಿಗಳಲ್ಲಿ ಈಗ ಕೋಲೂರಿಕೊಂಡು, ಕೆಮ್ಮುತ್ತ, ಚಪ್ಪಲಿ ಸಪ್ಪಳ ಮಾಡುತ್ತ ಹಿರಿಯರು ತಮ್ಮ ತಮ್ಮ ಮನೆ ಹುಡುಕಿಕೊಂಡು ಹೊರಟಿದ್ದಾರೆ. ಬಿಸಿಲು ಅವರನ್ನು ಸುಡುತ್ತಿಲ್ಲ. ಹೊಸ್ತಿಲಲ್ಲಿ ನಿಂತು, ಬಾಗಿಲ ಬಣ್ಣ ಯಾವಾಗ ಬದಲಾಯಿತೆಂದು ಒಂದು ಗಳಿಗೆ ಅನುಮಾನಿಸಿ, ಬಗ್ಗಿ ಒಳಗೆ ಬರುತ್ತಿದ್ದಾರೆ. ಮಗ್ಗಗಳಿಲ್ಲದ ಮನೆಗಳಲ್ಲಿ ಲಾಳಿಯ ಸಪ್ಪಳ ಎದ್ದಿದೆ.

ನಾಲ್ಕಕ್ಕೆ ಸೈರನ್ ಕೂಗಿತು. ಬೆಟಗೇರಿ ಏಳಲಿಲ್ಲ. ಇನ್ನೊಮ್ಮೆ ಕೂಗಿಸಿದರು. ಆಗ ಒಂದೊಂದೇ ಬಾಗಿಲು ತೆರೆಯಿತು, ಮದುವೆ ಮನೆಯಿಂದ ಬಂದವರ ಮುಖದ ಜನ ಕಟ್ಟೆಯ ಮೇಲೆ ಬಂದು ಕೂತರು.

ರತ್ನಮಾಲಾ ಓಡುತ್ತಲೇ ಮನೆ ಸೇರಿದಳು. ಬಡಿಗೇರ ಮೌನೇಶ ಆಗಲೇ ಹಾರೆ, ಗರಗಸ ಹಿಡಿದು ಬಾಗಿಲಲ್ಲಿ ನಿಂತಿದ್ದ. ಒಳಗೆ ಶಂಕ್ರವ್ವ ತಂಪುಗೂಡಿನ ಅಂಚಿಗೆ ಕೂತು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಏನಾತ್ರಿ ಅತ್ತಿ?"

"ಇಬ್ರೂ ಬಂದಿದ್ರವಾ! ಇಬ್ರೂ! ಬಂದವರ ಜಗಳಕ್ಕ ನಿಂತ್ರು ನೋಡು. ಗುಡ್ಡದ ಗಾಳಿ ಪಂಖಾ ಹೆಚ್ಚೋ, ಕೈಮಗ್ಗ ಹೆಚ್ಚೋ ಅಂತ. ಇವರು ಲಾಳಿ ಎತ್ಯಾರ, ಅಂವ ನಟ್ಟು ತಿರುವೂ ಪಾನಾ ಎತ್ಯಾನ. ನಾ ನಡಕ ನಿಂತು ರೊಟ್ಟಿ ಆರಾಕತ್ತಾವು ಉಣ್ರಿ ಅಂದ್ರ ಒಬ್ರರ ನನ್ನ ಕಡೆ ನೋಡ್ಬೇಕಲ್ಲ! ಮೊದಲ ಹೆಂಗಿದ್ರೋ ಹಂಗ ಅದಾರ, ಒಂದೀಟೂ ಸುಧಾರ್ಸಿಲ್ಲ."

"ಮತ್ತ ಮಾವಾರು... ಮಗ್ಗ ತಗದದ್ದಕ್ಕ ಏನಂದ್ರು?"

ಶಂಕ್ರವ್ವ ಕಣ್ಣೊರೆಸಿಕೊಂಡಳು. "ಅದನ್ನ ಕೇಳಿದೆ ನಾ. 'ನಿಮಗ ನನ್ನ ಮ್ಯಾಲ ಸಿಟ್ಟೇನ್ರಿ' ಅಂದೆ. ನಿನ್ನ ಮಾವಾರು ನನ್ನ ಕಡೆ ಹೊಳ್ಳಿ, 'ಸಿಟ್ಟು ಯಾತಕ? ದಿನಾ ಬಾಗಲದಾಗ ನಿಂದ್ರತೀನಿ, ಬರ್ರಿ ಅಂತ ಅಂದಿ ಏನು?' ಅಂದ್ರು. ಅಂದು ಮತ್ತ ಜಗಳಕ್ಕ ಹ್ವಾದ್ರು."

ಆ ಮಾತನ್ನು ಅತ್ತೆಯ ನೆನಪು ಎಲ್ಲಿಂದ ನೇಯ್ದಿತೋ ರತ್ನಮಾಲಾಳಿಗೆ ತಿಳಿಯಲಿಲ್ಲ. ಕೇಂದ್ರದಿಂದ ಹೋದದ್ದು ಬರಿಯ ಎರಡು ಎಳೆಗಳು.

"ಯಮ್ಮಾ, ಗೂಡು ಕೀಳೂದೋ ಬ್ಯಾಡೋ?" ಬಾಗಿಲಿಂದ ಮೌನೇಶ ಕೇಳಿದ.

"ಗೂಡು ಕಿತ್ತು ಎಲ್ಲಿ ಮಕ್ಕೊಳ್ಳೋ, ನಿಮ್ಮ ಮನ್ಯಾಗ? ಒಳಗ ಬಾ, ಚಾ ಕುಡದು ಹೋಗು." ಹೇಳಿ ಶಂಕ್ರವ್ವ ಎದ್ದಳು. ಒಲೆಯ ಕಡೆ ಹೋಗುತ್ತಿದ್ದವಳು ನಿಂತು ಹಿಂದಿರುಗಿ ನೋಡಿದಳು. "ಏ ರತ್ನಾ, ಕೊಟ್ರು ಹೋಗೂ ಮುಂದ ಒಂದ ಮಾತು ಅಂದ. 'ಯವ್ವಾ, ಆಕಿ ನನ್ನ ಯಾಕ ಕರಿಯೂದಿಲ್ಲ' ಅಂದ. ನೀ ದಿಂಬಿಗೆ ಏನ್ ಹೇಳ್ತೀಯವಾ ದಿನಾ?"

ರತ್ನಮಾಲಾ ಮೌನೇಶನಿಗೆ ಕೂರಲು ಚಾಪೆ ಹಾಸಿದಳು.

ಅಪ್ಪಣೆಯಿಲ್ಲದೆ ಸಾಲು ತಿದ್ದಿದ್ದಕ್ಕೆ ದೊಡ್ಡ ಕಚೇರಿಯಿಂದ ಒಂದು ಖಾರವಾದ ಪತ್ರ ಬಂತು. ಅದರ ಹಿಂದೆಯೇ, ಆ ಸಾಲನ್ನು ಎಲ್ಲ ಊರುಗಳಿಗೂ ಕಳಿಸಿಕೊಡಿ ಎಂದು ಇನ್ನೊಂದು ಬಂತು. ದಾವಲಸಾಬರು ಎರಡನ್ನೂ ಗಟ್ಟಿಯಾಗಿ ಓದಿ ಹೇಳಿದರು. ಅಬ್ಬಾ ಇನ್ನೂ ಬೈಯುತ್ತಲೇ ಇದ್ದಾರಂತೆ. ಬೈಸಿಕೊಂಡು ಎದ್ದ ದಿನ ಊಟ ಚೆನ್ನಾಗಿ ಹೋಗುತ್ತದಂತೆ.

ಅವಳ ಮುಂದಿನ ರಜೆಯ ದಿನ ಸೈರನ್ ಕೂಗಿದ ಮೇಲೆ ಅತ್ತೆ ಎರಡು ಹೆಸರು ಹೇಳಿ, ಅದರಲ್ಲಿ ಒಂದನ್ನು ಒಡಪಿನಲ್ಲಿ ಹೇಳಿ, ಗೋಡೆಯ ಕಡೆ ಹೊರಳಿ ಗೊರಕೆ ಹೊಡೆಯತೊಡಗಿದಳು. ಗೂಡಿನ ಸಂದಿಯಿಂದ ಬೆಳಕಿನ ಒಂದು ಗೆರೆ ಒಳಗೆ ಬಂದು ಅವಳ ಕೈಮೇಲೆ ಬಿದ್ದಿತ್ತು. ರತ್ನಮಾಲಾ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ತನ್ನ ದಿಂಬಿಗೆ ಬಾಯಿ ಹಚ್ಚಿದಳು. ಇಷ್ಟು ವರ್ಷಗಳ ಮೇಲೆ, ಮತ್ತೆ ಅದೇ ಬಾಗಿಲಲ್ಲಿ ನಿಂತ ಹಾಗೆ ನಾಚಿಕೆಯಾಯಿತು. ಈ ಸಲ ಅವಳು ನಡೆದು ಹೋಗಿಬಿಡಲಿಲ್ಲ.

"ಗುಡ್ಡದ ಮ್ಯಾಲಿನ ಗಾಳಿ ತಂತು ತಂಪಿನ ಸಂದೇಶ" ಎಂದಳು ಮೆಲ್ಲಗೆ, "ಬಾಗಲಾ ತಗದೀನಿ, ಒಳಗ ಬರ್ರಿ, ಕೊಟ್ರೇಶ."

ಬಿಳಿಜೋಳದ ಹೊಲ ಬಂತು. ಒಂದು ತುದಿಯಿಂದ ತೆನೆಗಳು ಬಾಗುತ್ತ, ಬಾಗುತ್ತ ಹತ್ತಿರವಾದವು. ಈ ಸಲ ಅದು ಗಾಳಿಯಾಗಿರಲಿಲ್ಲ.